ಅಮೆರಿಕದಲ್ಲಿ ಕಾಗದವಿಲ್ಲದ ಮಕ್ಕಳಿಗೆ ಫೀಸಿಲ್ಲದ ಕಾಲೇಜು ಎಲ್ಲಿದೆ?

2025ರ ಜೂನ್ 4ರಂದು ಟೆಕ್ಸಾಸ್‌ನಲ್ಲಿ ಒಂದು ವಿಚಿತ್ರ ಮೊಕದ್ದಮೆ ನಡೆಯಿತು. ಅಮೆರಿಕದ ಕೇಂದ್ರ ಸರ್ಕಾರ ಟೆಕ್ಸಾಸ್ ರಾಜ್ಯದ ಮೇಲೆ ಕೇಸು ಹಾಕಿತು. ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಎದುರು ವಾದ ಹೂಡಲಿಲ್ಲ, ಕೇಂದ್ರದ ಮಾತನ್ನೇ ಒಪ್ಪಿಕೊಂಡರು. ಫೆಡರಲ್ ನ್ಯಾಯಾಧೀಶ ರೀಡ್ ಓ'ಕಾನರ್ ಅದೇ ದಿನ ಆದೇಶ ಹೊರಡಿಸಿದರು. 24 ವರ್ಷ ನಡೆದುಬಂದಿದ್ದ ಕಾನೂನು ಒಂದೇ ದಿನದಲ್ಲಿ ಬಿದ್ದುಹೋಯಿತು. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಕಡೆ ನಿಂತಿದ್ದರು. ಆ ಕಾನೂನನ್ನು ನಂಬಿಕೊಂಡು ಓದುತ್ತಿದ್ದ ಮಕ್ಕಳ ಪರ ಮಾತಾಡುವವರು ಅಂದು ಕೋರ್ಟಿನಲ್ಲಿ ಇರಲೇ ಇಲ್ಲ.

ಕಾನೂನು ಏನು ಹೇಳುತ್ತಿತ್ತು? ವಲಸೆ ದಾಖಲೆ ಇಲ್ಲದಿದ್ದರೂ ಪರವಾಗಿಲ್ಲ, ಟೆಕ್ಸಾಸ್‌ನಲ್ಲಿ 3 ವರ್ಷ ಇದ್ದು ಅಲ್ಲಿಯೇ ಹೈಸ್ಕೂಲ್ ಮುಗಿಸಿದ್ದರೆ ಸರ್ಕಾರಿ ಕಾಲೇಜಿನಲ್ಲಿ ರಾಜ್ಯದವರಿಗಿರುವ ಕಡಿಮೆ ಫೀಸನ್ನೇ ಕಟ್ಟಬಹುದು. 2001ರಲ್ಲಿ ಇಂಥ ಕಾನೂನು ತಂದ ಮೊದಲ ರಾಜ್ಯ ಟೆಕ್ಸಾಸ್. ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ. ಇವತ್ತಿನ ರಾಜಕೀಯ ನೋಡಿದರೆ ನಂಬೋದು ಕಷ್ಟ, ಅಲ್ವಾ? ಆದೇಶ ಬಂದ ಹೊತ್ತಿಗೆ ಟೆಕ್ಸಾಸ್‌ನ ಕಾಲೇಜುಗಳಲ್ಲಿ ಅಂದಾಜು 57 ಸಾವಿರ ದಾಖಲೆ ಇಲ್ಲದ ವಿದ್ಯಾರ್ಥಿಗಳಿದ್ದರು. ಹೊರರಾಜ್ಯದವರ ಫೀಸು ಅಂದರೆ ದೊಡ್ಡ ಯೂನಿವರ್ಸಿಟಿಗಳಲ್ಲಿ ಮೂರು ಪಟ್ಟು, ಕೆಲವು ಕಡೆ ಅದಕ್ಕೂ ಜಾಸ್ತಿ.

ಇಂಥ ಸುದ್ದಿ ಬಂದಾಗಲೆಲ್ಲ ಹುಡುಗರು ಹುಡುಕುವುದು ಒಂದನ್ನೇ. ಫೀಸೇ ಇಲ್ಲದ ಕಾಲೇಜು ಯಾವುದು, ಅದು ನಮ್ಮನ್ನು ಸೇರಿಸಿಕೊಳ್ಳುತ್ತದಾ? ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಇವರ ಉಪಯೋಗಕ್ಕೆ ಬರುವುದಿಲ್ಲ. ಫೀಸು ಇಲ್ಲ ಅಂದರೆ ಆ ಫೀಸನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ ಅಂತ ಅರ್ಥ. ಕಟ್ಟುವವರು ಯಾರು, ಯಾವ ಅರ್ಜಿ ನೋಡಿ ಕಟ್ಟುತ್ತಾರೆ ಅನ್ನುವುದು ಗೊತ್ತಾಗದೆ ಪಟ್ಟಿ ಓದಿ ಪ್ರಯೋಜನವಿಲ್ಲ.

ಮೊದಲು ಹಿನ್ನೆಲೆ ಸ್ವಲ್ಪ ನೋಡೋಣ. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಗಡಿ ದಾಟಿ ಬಂದವರು, ಇಲ್ಲವೇ ಪ್ರವಾಸಿ ವೀಸಾದಲ್ಲಿ ಬಂದು ಅವಧಿ ಮುಗಿದ ಮೇಲೂ ಉಳಿದ ಮನೆಗಳ ಮಕ್ಕಳು ಇವರು. ಶಾಲೆಗೆ ಹೋಗಲು ಇವರಿಗೆ ಅಡ್ಡಿ ಇಲ್ಲ. ಅದಕ್ಕೂ ಕಾರಣ ಟೆಕ್ಸಾಸೇ. 1975ರಲ್ಲಿ ಆ ರಾಜ್ಯ, ದಾಖಲೆ ಇಲ್ಲದ ಮಕ್ಕಳ ಓದಿಗೆ ದುಡ್ಡು ಕೊಡುವುದಿಲ್ಲ ಎಂದು ಕಾನೂನು ಮಾಡಿತು. ಟೈಲರ್ ಎಂಬ ಊರಿನ ಶಾಲೆಗಳು ಅಂಥ ಮಕ್ಕಳಿಂದ ವರ್ಷಕ್ಕೆ 1,000 ಡಾಲರ್ ಫೀಸು ಕೇಳಿದವು. ಪೋಷಕರು ಕೋರ್ಟಿಗೆ ಹೋದರು. 1982ರ ಜೂನ್ 15ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಪ್ಲೈಲರ್ ವಿರುದ್ಧ ಡೋ ಅಂತ ಆ ಪ್ರಕರಣದ ಹೆಸರು. ಅಂದಿನಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆ ಎಲ್ಲ ಮಕ್ಕಳಿಗೂ ಪುಕ್ಕಟೆ. ಕಾಗದ ಇರಲಿ, ಬಿಡಲಿ.

ಆದರೆ ತೀರ್ಪು ನಿಲ್ಲುವುದು 12ನೇ ತರಗತಿಗೆ. ವಲಸೆ ನೀತಿ ಅಧ್ಯಯನ ಸಂಸ್ಥೆಯೊಂದು 2019ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಪ್ರತಿ ವರ್ಷ ಸುಮಾರು 98 ಸಾವಿರ ಇಂಥ ಮಕ್ಕಳು ಹೈಸ್ಕೂಲ್ ಮುಗಿಸುತ್ತಾರೆ. ಅದರ ಮುಂದೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಥೆ. ಇವರನ್ನು ಕಾಲೇಜಿಗೆ ಸೇರಿಸಬಾರದು ಅಂತ ಕೇಂದ್ರದ ಕಾನೂನು ಎಲ್ಲಿಯೂ ಹೇಳುವುದಿಲ್ಲ. ಸೇರಿಸಲೇಬೇಕು ಅಂತಲೂ ಹೇಳುವುದಿಲ್ಲ.

ಗಂಟು ಬಿದ್ದಿದ್ದು 1996ರಲ್ಲಿ. ಆ ವರ್ಷ ಬಂದ ವಲಸೆ ಕಾನೂನಿನಲ್ಲಿ 505 ಅನ್ನುವ ಒಂದು ಕಲಂ ಇದೆ. ದಾಖಲೆ ಇಲ್ಲದವರಿಗೆ 'ಈ ರಾಜ್ಯದಲ್ಲಿ ವಾಸ ಇದ್ದಾರೆ' ಅನ್ನುವ ಕಾರಣಕ್ಕೆ ಕಾಲೇಜು ರಿಯಾಯಿತಿ ಕೊಟ್ಟರೆ, ಅದೇ ರಿಯಾಯಿತಿ ದೇಶದ ಯಾವ ಮೂಲೆಯ ಅಮೆರಿಕನ್ ಪ್ರಜೆಗೂ ಸಿಗಬೇಕು. ಯಾವ ರಾಜ್ಯ ತಾನೇ ಇದಕ್ಕೆ ಒಪ್ಪುತ್ತದೆ? ಹೊರರಾಜ್ಯದ ಮಕ್ಕಳು ಕಟ್ಟುವ ಜಾಸ್ತಿ ಫೀಸು ಯೂನಿವರ್ಸಿಟಿಗಳ ದೊಡ್ಡ ಆದಾಯ.

ಕ್ಯಾಲಿಫೋರ್ನಿಯಾ ಜಾಣತನದ ದಾರಿ ಹುಡುಕಿತು. 2001ರ ಎಬಿ 540 ಕಾನೂನಿನಲ್ಲಿ ಅದು ವಾಸವನ್ನು ಅಳೆಯಲೇ ಇಲ್ಲ, ಓದನ್ನು ಅಳೆಯಿತು. ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ 3 ವರ್ಷ ಓದಿ ಪಾಸಾದ ಯಾರಿಗಾದರೂ ಸರಿ, ಈಗ ಅವರ ಮನೆ ನೆವಾಡದಲ್ಲಿದ್ದರೂ ಸರಿ, ಹೊರರಾಜ್ಯದ ಫೀಸು ಇಲ್ಲ. ನಮ್ಮ ಸಿಇಟಿ ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಅನ್ನುವ ನಿಯಮ ಇದೆಯಲ್ಲ, ಅದೂ ಅಳೆಯುವುದು ಶಾಲೆಯ ವರ್ಷಗಳನ್ನೇ. ಎಬಿ 540 ವಿರುದ್ಧದ ಕೇಸು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿಗೆ ಹೋಯಿತು. 2010ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಇದರ ಲಾಭ ಪಡೆಯುವವರಲ್ಲಿ ಅಮೆರಿಕನ್ ಪ್ರಜೆಗಳೂ ಬಹಳ ಜನ ಇದ್ದಾರೆ, ಹಾಗಾಗಿ ಇದು ವಾಸದ ಮೇಲೆ ಕೊಟ್ಟ ರಿಯಾಯಿತಿ ಅಲ್ಲ ಅಂತ ತೀರ್ಪು. ಟೆಕ್ಸಾಸ್ ಕಾನೂನಿನಲ್ಲಿ ಈ ಎಚ್ಚರ ಇರಲಿಲ್ಲ, ಅದು ವಾಸದ ಮಾತನ್ನೇ ನೇರವಾಗಿ ಬರೆದಿತ್ತು. ಜೂನ್ 4ರಂದು ಅದೇ ತಿರುಗುಬಾಣವಾಯಿತು.

ಇಷ್ಟಾದರೂ ಇದು ಕಡಿಮೆ ಫೀಸಿನ ಮಾತು, ಫೀಸಿಲ್ಲದ ಮಾತಲ್ಲ. ಫೀಸು ಪೂರ್ತಿ ಇಲ್ಲ ಅನ್ನಿಸಬೇಕಾದರೆ ಪೆಲ್ ಗ್ರ್ಯಾಂಟ್ ಬಗ್ಗೆ ತಿಳಿದಿರಬೇಕು. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ, ವಾಪಸ್ ಕಟ್ಟಬೇಕಿಲ್ಲದ ಹಣ ಅದು. 2025-26ಕ್ಕೆ ಹೆಚ್ಚೆಂದರೆ 7,395 ಡಾಲರ್. ಇದನ್ನು ಕೇಳುವ ಅರ್ಜಿಗೆ ಫಾಫ್ಸಾ ಅಂತ ಹೆಸರು. ದಾಖಲೆ ಇಲ್ಲದವರಿಗೆ ಪೆಲ್ ಇಲ್ಲ, ಕೇಂದ್ರದ ಸಾಲವೂ ಇಲ್ಲ. ಚಿಕ್ಕವರಿದ್ದಾಗ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ, ವರ್ಕ್ ಪರ್ಮಿಟ್ ಕೊಡುವ ಒಬಾಮಾ ಕಾಲದ ಡಾಕಾ ಯೋಜನೆಯಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಕ್ಕಿದವರಿಗೂ ಇಲ್ಲ.

ಇಲ್ಲಿಂದಲೇ ಪಟ್ಟಿಗಳು ದಾರಿ ತಪ್ಪಿಸುತ್ತವೆ. ಟೆನೆಸಿ ರಾಜ್ಯವನ್ನೇ ನೋಡಿ. ಇಡೀ ರಾಜ್ಯಕ್ಕೆ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಕೋರ್ಸಿನ ಸ್ಥಳೀಯ ಸರ್ಕಾರಿ ಕಾಲೇಜು) ಪುಕ್ಕಟೆ ಮಾಡಿದ ಮೊದಲ ರಾಜ್ಯ ಅಂತ ಅದಕ್ಕೆ ದೊಡ್ಡ ಹೆಸರು. 2014ರ ಟೆನೆಸಿ ಪ್ರಾಮಿಸ್ ಯೋಜನೆ ಅದು. ಎಲ್ಲ ಪಟ್ಟಿಗಳಲ್ಲೂ ಮೇಲೆಯೇ ಇರುತ್ತದೆ. ಆದರೆ ಸೇರಬೇಕಾದರೆ ಫಾಫ್ಸಾ ತುಂಬಬೇಕು, ಪ್ರಜೆಯೋ ಕೇಂದ್ರ ಒಪ್ಪಿದ ವಲಸಿಗನೋ ಆಗಿರಬೇಕು. ಕಾಗದ ಇಲ್ಲದವರಿಗೆ ಬಾಗಿಲು ಅಲ್ಲೇ ಮುಚ್ಚಿತು. ರಾಜ್ಯ ಕೂತು ಇವರನ್ನು ಹೊರಗಿಡುವ ಬಗ್ಗೆ ಭಾಷಣ ಮಾಡಬೇಕಿಲ್ಲ. ಅರ್ಜಿ ಯಾವುದು ಅಂತ ತೀರ್ಮಾನ ಮಾಡಿದರೆ ಸಾಕು.

ಅದಕ್ಕೇ ನನ್ನ ಪ್ರಕಾರ ಹುಡುಕಬೇಕಾದ್ದು ಕಾಲೇಜಿನ ಹೆಸರನ್ನಲ್ಲ. ಈ ರಾಜ್ಯದಲ್ಲಿ ಫಾಫ್ಸಾ ಬದಲಿಗೆ ಬೇರೆ ಅರ್ಜಿ ಇದೆಯಾ ಅಂತ ಮೊದಲು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಡ್ರೀಮ್ ಆ್ಯಕ್ಟ್ ಅರ್ಜಿ ಇದೆ. ವಾಷಿಂಗ್ಟನ್‌ನಲ್ಲಿ ವಾಸ್ಫಾ ಅನ್ನುತ್ತಾರೆ, ಒರೆಗಾನ್‌ನಲ್ಲಿ ಒರ್ಸಾ. ನ್ಯೂಜೆರ್ಸಿ, ಇಲಿನಾಯ್ಸ್, ಮಿನೆಸೋಟ, ನ್ಯೂಯಾರ್ಕ್‌ಗಳಲ್ಲೂ ಇಂಥ ಪ್ರತ್ಯೇಕ ಅರ್ಜಿಗಳಿವೆ. ಈ ಅರ್ಜಿ ಹೋಗುವುದು ರಾಜ್ಯದ ಕಚೇರಿಗೆ, ಕೇಂದ್ರದ ಶಿಕ್ಷಣ ಇಲಾಖೆಗಲ್ಲ. ಹೆದರಿಕೊಂಡ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಪ್ರತ್ಯೇಕ ಅರ್ಜಿ ಇದ್ದರೆ, ರಾಜ್ಯ ತನ್ನ ದುಡ್ಡನ್ನು ಇವರಿಗೆ ಕೊಡಲು ಮನಸ್ಸು ಮಾಡಿದೆ ಅಂತ ಅರ್ಥ.

ಈ ರಾಜ್ಯಗಳಲ್ಲಿ ನಿಜವಾಗಿ ಏನು ಸಿಗುತ್ತದೆ? ನ್ಯೂ ಮೆಕ್ಸಿಕೋ ಎಲ್ಲರಿಗಿಂತ ಮುಂದಿದೆ ಅನ್ನಬಹುದು. ಶ್ರೀಮಂತ ರಾಜ್ಯವೇನಲ್ಲ ಅದು. 2022ರಲ್ಲಿ ಗವರ್ನರ್ ಮಿಶೆಲ್ ಲುಹಾನ್ ಗ್ರಿಶಮ್ ಸಹಿ ಹಾಕಿದ ಆಪರ್ಚ್ಯುನಿಟಿ ಸ್ಕಾಲರ್‌ಶಿಪ್, ರಾಜ್ಯದ ನಿವಾಸಿಗಳಿಗೆ ಸರ್ಕಾರಿ ಕಾಲೇಜಿನ ಟ್ಯೂಷನ್ (ಪಾಠದ ಶುಲ್ಕ) ಮತ್ತು ಇತರ ಫೀಸನ್ನು ಕಟ್ಟುತ್ತದೆ. ಎರಡು ವರ್ಷದ ಕೋರ್ಸು ಮಾತ್ರ ಅಲ್ಲ, ಪದವಿವರೆಗೂ. ಸೆಮಿಸ್ಟರಿಗೆ ಕನಿಷ್ಠ 6 ಕ್ರೆಡಿಟ್ ಓದಬೇಕು, ಗ್ರೇಡ್ ಸರಾಸರಿ 2.5 ಉಳಿಸಿಕೊಳ್ಳಬೇಕು. ವಲಸೆ ಸ್ಥಿತಿ ಅಡ್ಡಿಯಲ್ಲ.

ಮಿನೆಸೋಟದ ನಾರ್ತ್ ಸ್ಟಾರ್ ಪ್ರಾಮಿಸ್ 2024ರಲ್ಲಿ ಶುರುವಾಯಿತು. ಕುಟುಂಬದ ಆದಾಯ ವರ್ಷಕ್ಕೆ 80 ಸಾವಿರ ಡಾಲರಿಗಿಂತ ಕಡಿಮೆ ಇರಬೇಕು. ಬೇರೆ ನೆರವೆಲ್ಲ ಕಳೆದು ಉಳಿದ ಟ್ಯೂಷನ್ ರಾಜ್ಯದ್ದು. ಇಲ್ಲೊಂದು ಸ್ವಾರಸ್ಯ ಇದೆ. ಪೆಲ್ ಸಿಗುವ ಬಡ ಹುಡುಗನಿಗೆ ಪೆಲ್ ಹಣವೇ ಬಹುಪಾಲು ಫೀಸು ತುಂಬಿಬಿಡುತ್ತದೆ, ರಾಜ್ಯ ಕೊಡುವುದು ಸ್ವಲ್ಪ. ಪೆಲ್ ಸಿಗದ ಹುಡುಗನಿಗೆ ರಾಜ್ಯ ಜಾಸ್ತಿ ಕೊಡಬೇಕಾಗುತ್ತದೆ. ಕೊನೆಗೆ ಇಬ್ಬರ ಫೀಸೂ ಸೊನ್ನೆ. ವಿರೋಧಿಗಳಿಗೆ ಚುಚ್ಚುವುದು ಇದೇ ಲೆಕ್ಕ.

ನ್ಯೂಯಾರ್ಕ್‌ನಲ್ಲಿ ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್ 2017ರಲ್ಲಿ ಬಂತು. 1.25 ಲಕ್ಷ ಡಾಲರ್ ಆದಾಯದವರೆಗಿನ ಮನೆಗಳ ಮಕ್ಕಳಿಗೆ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಇಲ್ಲ. ಆಗ ಕಾಗದ ಇಲ್ಲದವರಿಗೆ ಇದು ಸಿಗುತ್ತಿರಲಿಲ್ಲ. ಸಿಕ್ಕಿದ್ದು 2019ರ ಡ್ರೀಮ್ ಆ್ಯಕ್ಟ್ ಬಂದ ಮೇಲೆ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ ಸೆನೆಟರ್ ಹೋಸೆ ಪೆರಾಲ್ಟಾ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಕಾನೂನಿಗೆ ಅವರ ಹೆಸರಿಟ್ಟರು. ಎಕ್ಸೆಲ್ಸಿಯರ್‌ನಲ್ಲಿ ಒಂದು ಷರತ್ತಿದೆ. ಎಷ್ಟು ವರ್ಷ ಹಣ ಪಡೆದಿರೋ ಅಷ್ಟು ವರ್ಷ ಓದು ಮುಗಿದ ಮೇಲೂ ನ್ಯೂಯಾರ್ಕ್‌ನಲ್ಲೇ ಇರಬೇಕು. ಇಲ್ಲವಾದರೆ ಅದು ಸಾಲವಾಗುತ್ತದೆ. ಗಡೀಪಾರಿನ ಭಯದಲ್ಲಿ ಬದುಕುವವರು ಇಂಥ ಕರಾರಿಗೆ ಸಹಿ ಹಾಕುವಾಗ ಎರಡು ಸಲ ಯೋಚಿಸುತ್ತಾರೆ.

ನಗರಗಳ ಮಟ್ಟದಲ್ಲೂ ಒಳ್ಳೆಯ ಉದಾಹರಣೆಗಳಿವೆ. ಸ್ಯಾನ್‌ಫ್ರಾನ್ಸಿಸ್ಕೋ ಜನ 2016ರಲ್ಲಿ ವೋಟು ಹಾಕಿ, 50 ಲಕ್ಷ ಡಾಲರಿಗಿಂತ ಜಾಸ್ತಿ ಬೆಲೆಯ ಆಸ್ತಿ ಮಾರಾಟದ ಮೇಲೆ ತೆರಿಗೆ ಏರಿಸಿಕೊಂಡರು. ಆ ಬಲದ ಮೇಲೆ ಮರುವರ್ಷ ಅಲ್ಲಿನ ಸಿಟಿ ಕಾಲೇಜು ಊರಿನವರಿಗೆ ಪುಕ್ಕಟೆ ಆಯಿತು. ಎಬಿ 540 ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಶಿಕಾಗೋದಲ್ಲಿ 2015ರಿಂದ ಸ್ಟಾರ್ ಸ್ಕಾಲರ್‌ಶಿಪ್ ಇದೆ. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಒಳ್ಳೆಯ ಗ್ರೇಡ್ ತೆಗೆದರೆ ಸಿಟಿ ಕಾಲೇಜಿನಲ್ಲಿ ಫೀಸಿಲ್ಲ, ಕಾಗದ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಉಳಿದ ಕಮ್ಯುನಿಟಿ ಕಾಲೇಜುಗಳಲ್ಲಿ ಫೀಸು ಇರುವುದೇ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. ಆದಾಯ ಕಡಿಮೆ ಇದ್ದರೆ ಅದೂ ಮನ್ನಾ.

ಈ ಕಮ್ಯುನಿಟಿ ಕಾಲೇಜುಗಳ ಬಗ್ಗೆ ನಮ್ಮವರಿಗೆ ಸ್ವಲ್ಪ ತಾತ್ಸಾರ. ಮಗ ಅಮೆರಿಕದಲ್ಲಿ ಓದುತ್ತಾನೆ ಅಂದರೆ ದೊಡ್ಡ ಯೂನಿವರ್ಸಿಟಿಯ ಹೆಸರೇ ಬರಬೇಕು. ಆದರೆ ಕಾಗದ ಇಲ್ಲದ ಮನೆಯ ಲೆಕ್ಕ ಬೇರೆ. ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಹೋಗಿಬಂದು ಎರಡು ವರ್ಷ ಮುಗಿಸಬಹುದು. ಆಮೇಲೆ ಅದೇ ರಾಜ್ಯದ ಯೂನಿವರ್ಸಿಟಿಗೆ ವರ್ಗಾವಣೆ ತೆಗೆದುಕೊಂಡು ಮೂರನೇ ವರ್ಷಕ್ಕೆ ಸೇರಬಹುದು. ಹೆಚ್ಚಿನವರಿಗೆ ನಿಜಕ್ಕೂ ಕೈಗೆಟುಕುವ ದಾರಿ ಇದೇ.

ಹಾಗಾದರೆ ಹೆಸರಿನಲ್ಲೇ ಫೀಸಿಲ್ಲದ ಕಾಲೇಜುಗಳು? ವೆಸ್ಟ್ ಪಾಯಿಂಟ್‌ನಂಥ ಮಿಲಿಟರಿ ಅಕಾಡೆಮಿಗಳನ್ನು ಬಿಟ್ಟುಬಿಡಿ, ಅವು ಹೆಚ್ಚುಕಡಿಮೆ ಪ್ರಜೆಗಳಿಗೆ ಮಾತ್ರ. ಹಡಗು ವಿನ್ಯಾಸ ಕಲಿಸುವ ವೆಬ್ ಇನ್‌ಸ್ಟಿಟ್ಯೂಟ್ ಎಲ್ಲರಿಗೂ ಪೂರ್ತಿ ಟ್ಯೂಷನ್ ಕೊಡುತ್ತದೆ ಅಂತ ಓದುತ್ತೇವೆ. 'ಎಲ್ಲರಿಗೂ' ಅಂದರೆ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇದ್ದವರು. ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಶಾಲೆಯಲ್ಲಿ 1928ರಿಂದ ಟ್ಯೂಷನ್ ಇಲ್ಲ, ಹೊರದೇಶದವರನ್ನೂ ತೆಗೆದುಕೊಳ್ಳುತ್ತಾರೆ. ಪಿಟೀಲು ಅದ್ಭುತವಾಗಿ ನುಡಿಸಬೇಕು, ಅಷ್ಟೇ! ನ್ಯೂಯಾರ್ಕ್‌ನ ಕೂಪರ್ ಯೂನಿಯನ್ 1859ರಲ್ಲಿ ಹುಟ್ಟಿ, ಬಹಳ ಕಾಲ ಪುಕ್ಕಟೆ ಅಂತಲೇ ಹೆಸರು ಮಾಡಿತ್ತು. 2014ರಿಂದ ಫೀಸು ಹಾಕಲು ಶುರುಮಾಡಿತು. ಈಗ ಸೇರಿದ ಎಲ್ಲರಿಗೂ ಅರ್ಧ ಮನ್ನಾ, ಕೊನೇ ವರ್ಷದವರಿಗೆ ಪೂರ್ತಿ ಮನ್ನಾ. ಹಳೆಯ ಪಟ್ಟಿಗಳಲ್ಲಿ ಇನ್ನೂ 'ಪೂರ್ತಿ ಪುಕ್ಕಟೆ' ಅಂತಲೇ ಇರುತ್ತದೆ.

ಕೆಂಟಕಿಯ ಬೆರಿಯಾ ಕಾಲೇಜಿನ ಚರಿತ್ರೆ ದೊಡ್ಡದು. ಗುಲಾಮಗಿರಿ ವಿರೋಧಿಸಿದ ಪಾದ್ರಿ ಜಾನ್ ಫೀ 1855ರಲ್ಲಿ ಶುರುಮಾಡಿದ ಸಂಸ್ಥೆ. ಕಪ್ಪು ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಓದಿಸಿದ ಮೊದಲ ದಕ್ಷಿಣದ ಕಾಲೇಜು. 1892ರಿಂದ ಟ್ಯೂಷನ್ ತೆಗೆದುಕೊಂಡಿಲ್ಲ. ಪ್ರತಿ ವಿದ್ಯಾರ್ಥಿ ವಾರಕ್ಕೆ ಕನಿಷ್ಠ 10 ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು. ಇಂಥ ದುಡಿದು ಓದುವ ಕಾಲೇಜುಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಕೆಲಸಕ್ಕೆ ಸಂಬಳ ಇದೆ, ಸಂಬಳ ಇದ್ದರೆ ಕೆಲಸ ಮಾಡುವ ಹಕ್ಕಿನ ಕಾಗದ ತೋರಿಸಬೇಕು. 1986ರಿಂದ ಅಮೆರಿಕದ ಎಲ್ಲ ಉದ್ಯೋಗದಾತರಿಗೂ ಈ ತಪಾಸಣೆ ಕಡ್ಡಾಯ. ಡಾಕಾ ಇದ್ದವರಿಗೆ ವರ್ಕ್ ಪರ್ಮಿಟ್ ಇರುತ್ತದೆ. ಇಲ್ಲದವರು ಅರ್ಜಿ ಹಾಕುವ ಮೊದಲೇ ಇದನ್ನು ಕಾಲೇಜಿಗೆ ಕೇಳಿ ತಿಳಿಯಬೇಕು.

ಆನ್‌ಲೈನಿನಲ್ಲಿ ಯೂನಿವರ್ಸಿಟಿ ಆಫ್ ದ ಪೀಪಲ್ ಇದೆ. ಶೈ ರೇಷೆಫ್ 2009ರಲ್ಲಿ ಆರಂಭಿಸಿದ್ದು. ಟ್ಯೂಷನ್ ಇಲ್ಲ, ಆದರೆ ಪ್ರತಿ ಕೋರ್ಸಿಗೂ ಮೌಲ್ಯಮಾಪನದ ಫೀಸಿದೆ. ಹಾಗಾಗಿ ಪೂರ್ತಿ ಪುಕ್ಕಟೆ ಅನ್ನುವುದು ಸರಿಯಲ್ಲ, ತುಂಬಾ ಅಗ್ಗ ಅನ್ನಬಹುದು. ಮನೆ ಬಿಟ್ಟು ಹೋಗಲಾಗದವರಿಗೆ, ಮಧ್ಯದಲ್ಲಿ ಊರು ಬದಲಾಯಿಸಬೇಕಾದವರಿಗೆ ಇದು ಒಳ್ಳೆಯದೇ.

ಇನ್ನು ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿ. ಕೇಳಿದರೆ ತಮಾಷೆ ಅನ್ನಿಸಬಹುದು, ಆದರೆ ಕಾಗದ ಇಲ್ಲದ ಹುಡುಗನಿಗೆ ಎಲ್ಲಕ್ಕಿಂತ ಅಗ್ಗ ಇವೇ, ಸೀಟು ಸಿಕ್ಕರೆ. 2025ರಿಂದ ಹಾರ್ವರ್ಡ್ ಮತ್ತು ಎಂಐಟಿಯಲ್ಲಿ 2 ಲಕ್ಷ ಡಾಲರ್ ಆದಾಯದವರೆಗೆ ಟ್ಯೂಷನ್ ಇಲ್ಲ. ಪ್ರಿನ್ಸ್‌ಟನ್‌ನಲ್ಲಿ ಹೆಚ್ಚಿನ ಕುಟುಂಬಗಳಿಗೆ ಈ ಗೆರೆ 2.5 ಲಕ್ಷ. ಬಡವರಿಗೆ ಊಟ, ವಸತಿ ಕೂಡ ಕಾಲೇಜಿನದ್ದೇ. ಈ ದುಡ್ಡು ಅವರ ಸ್ವಂತ ನಿಧಿಯದ್ದು, ಪೆಲ್ ಇಲ್ಲದಿದ್ದರೂ ತುಂಬಿಕೊಡುತ್ತಾರೆ. ಆದರೆ ಅರ್ಜಿ ಹಾಕುವ ನೂರು ಜನರಲ್ಲಿ ಸೀಟು ಸಿಗುವುದು ನಾಲ್ಕೈದು ಜನಕ್ಕೆ.

ಇವಕ್ಕಿಂತ ಒಂದು ಮೆಟ್ಟಿಲು ಕೆಳಗಿರುವ ಖಾಸಗಿ ಕಾಲೇಜುಗಳಲ್ಲಿ ಒಂದೇ ಪ್ರಶ್ನೆ ಮುಖ್ಯ. ನೀವು ನಮ್ಮನ್ನು ದೇಶದ ವಿದ್ಯಾರ್ಥಿ ಅಂತ ನೋಡುತ್ತೀರೋ, ವಿದೇಶಿ ಅಂತಲೋ? ಟಫ್ಟ್ಸ್ 2015ರಲ್ಲಿ, ಬ್ರೌನ್ 2016ರಲ್ಲಿ ದೇಶದವರ ಸಾಲಿಗೇ ಸೇರಿಸುವುದಾಗಿ ಘೋಷಿಸಿದವು. ವಿದೇಶಿ ಸಾಲಿಗೆ ಹಾಕುವ ಕಾಲೇಜುಗಳು ಬಹಳ ಇವೆ. ಅಲ್ಲಿ ನೆರವು ಕಡಿಮೆ, ಜೊತೆಗೆ ನೆರವು ಕೇಳಿದ್ದೇ ಸೀಟಿಗೆ ಅಡ್ಡಿಯಾಗಬಹುದು. ಆರು ವರ್ಷದ ಮಗುವಾಗಿದ್ದಾಗಿಂದ ಅಮೆರಿಕದಲ್ಲೇ ಬೆಳೆದ ಹುಡುಗಿ ಹೊರದೇಶದಿಂದ ಮೊನ್ನೆ ಬಂದವರ ಜೊತೆ ಸ್ಪರ್ಧೆ ಮಾಡಬೇಕು. ಬಡ ಪ್ರತಿಭಾವಂತರನ್ನು ಇಂಥ ಕಾಲೇಜುಗಳಿಗೆ ಜೋಡಿಸುವ ಕ್ವೆಸ್ಟ್‌ಬ್ರಿಡ್ಜ್ ಕಾರ್ಯಕ್ರಮ, ಅಮೆರಿಕದ ಹೈಸ್ಕೂಲಿನಲ್ಲಿ ಓದುತ್ತಿರುವ ಎಲ್ಲರಿಗೂ ತೆರೆದಿದೆ. 2014ರಲ್ಲಿ ಶುರುವಾದ ದಡ್ರೀಮ್ ಡಾಟ್ ಯುಎಸ್ ಸಂಸ್ಥೆ ಇವರಿಗೆಂದೇ ಸ್ಕಾಲರ್‌ಶಿಪ್ ಕೊಡುತ್ತದೆ.

ಇದರ ಇನ್ನೊಂದು ತುದಿಯಲ್ಲಿದೆ ಜಾರ್ಜಿಯಾ. ಅಲ್ಲಿನ ಉನ್ನತ ಶಿಕ್ಷಣ ಮಂಡಳಿ 2010ರಲ್ಲಿ, ಸೀಟಿಗೆ ಪೈಪೋಟಿ ಇರುವ ಸರ್ಕಾರಿ ಯೂನಿವರ್ಸಿಟಿಗಳಿಗೆ ಇವರನ್ನು ಸೇರಿಸಲೇಬಾರದು ಎಂದು ತೀರ್ಮಾನಿಸಿತು. ಜಾರ್ಜಿಯಾ ಟೆಕ್, ಯೂನಿವರ್ಸಿಟಿ ಆಫ್ ಜಾರ್ಜಿಯಾ ಬಾಗಿಲು ಮುಚ್ಚಿದವು. ಯೂನಿವರ್ಸಿಟಿ ಆಫ್ ಜಾರ್ಜಿಯಾ ಬಹಳ ಕಾಲ ಕಪ್ಪು ವಿದ್ಯಾರ್ಥಿಗಳನ್ನು ಹೊರಗಿಟ್ಟಿತ್ತು, 1961ರಲ್ಲಿ ಕೋರ್ಟು ಹೇಳಿದ ಮೇಲೆ ಬಾಗಿಲು ತೆರೆದಿತ್ತು. ಕೆಲವು ಪ್ರೊಫೆಸರ್‌ಗಳಿಗೆ ಹೊಸ ನಿಯಮ ಸಹಿಸಲಾಗಲಿಲ್ಲ. 2011ರಲ್ಲಿ ಅದೇ ರಾಜ್ಯದ ಏಥೆನ್ಸ್ ಊರಿನಲ್ಲಿ ಫ್ರೀಡಂ ಯೂನಿವರ್ಸಿಟಿ ಅಂತ ಶುರುಮಾಡಿದರು. ಪಾಠ ಪುಕ್ಕಟೆ, ಕಲಿಸುವವರು ಸ್ವಯಂಸೇವಕರು. ಡಿಗ್ರಿ ಇಲ್ಲ. 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದಲ್ಲಿ ನಡೆದ ಫ್ರೀಡಂ ಸ್ಕೂಲ್‌ಗಳ ಹೆಸರನ್ನೇ ಹಿಡಿದು ಈ ಹೆಸರಿಟ್ಟಿದ್ದು. ಅಲ್ಲಿ ತಯಾರಾದವರು ಬೇರೆ ರಾಜ್ಯಗಳ ಖಾಸಗಿ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಪಡೆದು ಹೋಗುತ್ತಾರೆ. ಜಾರ್ಜಿಯಾದ ಶಾಲೆಗಳು ಓದಿಸಿದ ಮಕ್ಕಳನ್ನು ಬೇರೆ ರಾಜ್ಯಗಳು ಪಡೆದುಕೊಳ್ಳುತ್ತವೆ. ಇದರಿಂದ ಜಾರ್ಜಿಯಾಕ್ಕೆ ಏನು ಲಾಭವೋ ನನಗಂತೂ ಅರ್ಥವಾಗಿಲ್ಲ.

ಟ್ಯೂಷನ್ ಸೊನ್ನೆ ಆದರೂ ಬಾಡಿಗೆ, ಊಟ, ಪುಸ್ತಕ, ಬಸ್ಸಿನ ಖರ್ಚು ಉಳಿದೇ ಇರುತ್ತದೆ. ದೊಡ್ಡ ಊರುಗಳಲ್ಲಿ ಇದು ಟ್ಯೂಷನ್‌ಗಿಂತ ಜಾಸ್ತಿ. ಬೇರೆ ಮಕ್ಕಳು ಪಾರ್ಟ್‌ಟೈಮ್ ಕೆಲಸ ಮಾಡುತ್ತಾರೆ, ಸಾಲ ತೆಗೆಯುತ್ತಾರೆ. ಇವರಿಗೆ ಎರಡೂ ಇಲ್ಲ. ಹೊರದೇಶದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೂ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅವಕಾಶ ಇದೆ, ಇವರಿಗೆ ಅದೂ ಇಲ್ಲ.

ಡಾಕಾ ಇದೆಯಲ್ಲ ಅಂತ ಕೇಳಬಹುದು. 2012ರ ಜೂನ್ 15ರಂದು, ಪ್ಲೈಲರ್ ತೀರ್ಪಿಗೆ ಸರಿಯಾಗಿ 30 ವರ್ಷ ತುಂಬಿದ ದಿನ, ಒಬಾಮಾ ಅದನ್ನು ಘೋಷಿಸಿದರು. ಆದರೆ 2007ರ ಜೂನ್ 15ಕ್ಕಿಂತ ಮೊದಲಿನಿಂದ ಅಮೆರಿಕದಲ್ಲಿ ಇದ್ದವರಿಗೆ ಮಾತ್ರ ಅದು. ಈಗ ಹೈಸ್ಕೂಲ್ ಮುಗಿಸುವ ಹುಡುಗರಲ್ಲಿ ಹೆಚ್ಚಿನವರು ಆ ದಿನ ಹುಟ್ಟಿಯೇ ಇರಲಿಲ್ಲ. ಜೊತೆಗೆ 2021ರಲ್ಲಿ ಬಂದ ಕೋರ್ಟ್ ಆದೇಶದಿಂದ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತುಹೋಯಿತು. ಹತ್ತು ವರ್ಷದ ಹಿಂದೆ ಬರೆದ ಸಲಹೆಗಳನ್ನು ಓದುವವರು ಇದನ್ನು ಗಮನಿಸಬೇಕು. ಆಗ ಅದು ನಿಜವಾಗಿಯೂ ಇದ್ದ ದಾರಿ. ಇವತ್ತಿನ 18ರ ಹುಡುಗನಿಗೆ ಇಲ್ಲ.

ಅರ್ಜಿ ತುಂಬುವಾಗ ಒಂದು ಅಪಾಯ ಇದೆ, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. 'ಅಮೆರಿಕದ ಪ್ರಜೆ' ಅನ್ನುವ ಕಡೆ ಸುಮ್ನೆ ಟಿಕ್ ಹಾಕಿಬಿಟ್ಟರೆ ಅದು ಬರೀ ತಪ್ಪು ಮಾಹಿತಿ ಆಗುವುದಿಲ್ಲ. 1996ರ ಕಾನೂನಿನ ಪ್ರಕಾರ, ಸೌಲಭ್ಯ ಪಡೆಯಲು ಪ್ರಜೆ ಅಂತ ಸುಳ್ಳು ಹೇಳಿಕೊಂಡವರಿಗೆ ಮುಂದೆ ಗ್ರೀನ್ ಕಾರ್ಡಿನ ದಾರಿ ಹೆಚ್ಚುಕಡಿಮೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅಮೆರಿಕನ್ ಪ್ರಜೆಯನ್ನು ಮದುವೆಯಾದರೂ ಕೂಡ. ಫೀಸು ಉಳಿಸಲು ಹೋಗಿ ಇಡೀ ಬದುಕಿನ ಅವಕಾಶ ಕಳೆದುಕೊಂಡ ಹಾಗೆ. ಖಾಲಿ ಬಿಡಿ, ಇಲ್ಲವೇ ಕೇಳಿ ತುಂಬಿ.

ಇಷ್ಟೆಲ್ಲ ಪಾಡು ಯಾಕೆ, ಇಂಡಿಯಾಕ್ಕೆ ವಾಪಸ್ ಬಂದು ಓದಬಾರದಾ ಅಂತ ನಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬರಬಹುದು. ಆದರೆ 18 ತುಂಬಿದ ಮೇಲೆ ಕಾಗದವಿಲ್ಲದೆ 180 ದಿನಕ್ಕಿಂತ ಜಾಸ್ತಿ ಇದ್ದು ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ದಾಟಿದ್ದರೆ 10 ವರ್ಷ. ಅಪ್ಪ, ಅಮ್ಮ, ತಮ್ಮ ತಂಗಿ ಅಲ್ಲೇ ಇರುತ್ತಾರೆ. ಗೊತ್ತಿಲ್ಲದ ಊರಿಗೆ, ಓದಲು ಬರೆಯಲು ಬಾರದ ಭಾಷೆಗೆ ಒಬ್ಬನೇ ಬರಬೇಕು.

ಭಾರತದಿಂದ ಹೋಗಿ ದಾಖಲೆ ಇಲ್ಲದೆ ಇರುವವರು 2022ರಲ್ಲಿ 7.25 ಲಕ್ಷ ಅಂತ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಅಂದಾಜು. ಆ ವರ್ಷ ಮೆಕ್ಸಿಕೋ, ಎಲ್ ಸಾಲ್ವಡಾರ್ ಬಿಟ್ಟರೆ ಮೂರನೇ ಸ್ಥಾನ ನಮ್ಮದಾಗಿತ್ತು. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಜನರನ್ನು ಅಮೃತಸರಕ್ಕೆ ತಂದು ಇಳಿಸಿದಾಗ ಹರಿಯಾಣ, ಗುಜರಾತ್, ಪಂಜಾಬಿನವರೇ ಅದರಲ್ಲಿ ಜಾಸ್ತಿ ಇದ್ದರು. ಕನ್ನಡದ ಮನೆಗಳಿಗೆ ಈ ವಿಷಯ ತಟ್ಟುವುದು ಬೇರೆ ದಾರಿಯಲ್ಲಿ. ಬೇ ಏರಿಯಾ, ಡಲ್ಲಾಸ್, ನ್ಯೂಜೆರ್ಸಿಗಳಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಅಪ್ಪ ಅಮ್ಮ, ಅವರನ್ನು ಅವಲಂಬಿಸಿದವರಿಗೆ ಕೊಡುವ ಎಚ್-4 ಮೇಲೆ ಇರುವ ಮಕ್ಕಳು. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ದೇಶವೊಂದಕ್ಕೆ ಶೇಕಡ 7ರ ಮಿತಿ ಇರುವುದರಿಂದ ಭಾರತೀಯರಿಗೆ ಸರದಿ ಬರುವಷ್ಟರಲ್ಲಿ ಮಕ್ಕಳು ಬೆಳೆದುಬಿಡುತ್ತಾರೆ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಎಫ್-1ಗೆ ಬದಲಾಯಿಸಿಕೊಳ್ಳಬೇಕು, ಇಲ್ಲ ದೇಶ ಬಿಡಬೇಕು. ಸುಮ್ಮನಿದ್ದರೆ ಆ ಮಗುವೂ ಕಾಗದ ಇಲ್ಲದವರ ಸಾಲಿಗೆ ಸೇರುತ್ತದೆ.

ಇವರಿಗೂ ಪೆಲ್ ಇಲ್ಲ. ಡಾಕಾ ಕೂಡ ಇರಲಿಲ್ಲ, ಯಾಕೆಂದರೆ ಅದಕ್ಕೆ ಕಾಗದ ಇಲ್ಲದೇ ಇರಬೇಕಿತ್ತು. ಎಬಿ 540 ರಿಯಾಯಿತಿಯಲ್ಲೂ ಎಫ್-1 ನಂತಹ ವೀಸಾ ಇರುವವರನ್ನು ಹೊರಗಿಟ್ಟಿದ್ದಾರೆ. ಕಾನೂನು ಪಾಲಿಸಿದ್ದಕ್ಕೇ ಸೌಲಭ್ಯ ತಪ್ಪಿತು ಅಂತ ಈ ಮನೆಗಳಲ್ಲಿ ಸಿಟ್ಟು ಇರುವುದು ಸಹಜ. ಆದರೆ ಆ ಸಿಟ್ಟನ್ನು ಗಡಿ ದಾಟಿ ಬಂದ ಮಕ್ಕಳ ಮೇಲೆ ತೀರಿಸಿಕೊಳ್ಳುವ ಮಾತುಗಳನ್ನು ಕೇಳಿದಾಗ ಬೇಸರವಾಗುತ್ತದೆ. ಇಬ್ಬರನ್ನೂ ಕರೆತಂದವರು ಅಪ್ಪ ಅಮ್ಮಂದಿರೇ.

ಇನ್ನೊಂದು ಗೊಂದಲವೂ ನಮ್ಮಲ್ಲಿದೆ. ಎಂಎಸ್ ಮಾಡಲು ಎಫ್-1ನಲ್ಲಿ ಹೋಗಿ, ಮಧ್ಯದಲ್ಲಿ ಸ್ಟೇಟಸ್ ಕಳೆದುಕೊಂಡವರಿಗೆ ಈ ರಾಜ್ಯ ಕಾನೂನುಗಳು ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಅವು ಅಮೆರಿಕದ ಶಾಲೆಯಲ್ಲಿ ಓದಿದವರಿಗೆ ಬರೆದ ಕಾನೂನುಗಳು.

ಈಗ ಇರುವ ದಾರಿಗಳು ಎಷ್ಟು ದಿನ ಇರುತ್ತವೆ? ಫ್ಲಾರಿಡಾ ತನ್ನ 2014ರ ಕಾನೂನನ್ನು ತಾನೇ ರದ್ದು ಮಾಡಿತು, 2025ರ ಜುಲೈ 1ರಿಂದ ಅಲ್ಲಿ ರಿಯಾಯಿತಿ ಇಲ್ಲ. ಒಕ್ಲಹೋಮ ಟೆಕ್ಸಾಸ್ ಮಾಡಿದ ಹಾಗೇ ಕೇಂದ್ರದ ಜೊತೆ ರಾಜಿ ಆಯಿತು. ಕೆಂಟಕಿ, ಮಿನೆಸೋಟ, ಇಲಿನಾಯ್ಸ್ ಮೇಲೆ ಕೇಸು ಬಿತ್ತು. 2025ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸರದಿ. ಮಿನೆಸೋಟದ ಕೇಸಿನಲ್ಲಿ ಕಡಿಮೆ ಫೀಸಿನ ಜೊತೆಗೆ ನಾರ್ತ್ ಸ್ಟಾರ್ ಪ್ರಾಮಿಸ್‌ನ ಪುಕ್ಕಟೆ ಟ್ಯೂಷನ್ನನ್ನೂ ಪ್ರಶ್ನೆ ಮಾಡಿದ್ದಾರೆ. ಓದಿನ ವರ್ಷ ಅಳೆಯುವ ಕಾನೂನುಗಳು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲಬಹುದು, ವಾಸ ಅಂತ ಬರೆದುಕೊಂಡವು ಅಲ್ಲಾಡಬಹುದು ಅನ್ನುವುದು ನನ್ನ ಲೆಕ್ಕ. ರಾಜ್ಯವೇ ವಾದ ಮಾಡದೆ ಕೈ ಎತ್ತಿದರೆ ಮಾತ್ರ ಯಾವ ಪದ ಬರೆದಿದ್ದರೂ ಒಂದೇ.

505ನೇ ಕಲಂ ರಾಜ್ಯಗಳನ್ನು ಕಟ್ಟಿಹಾಕುತ್ತದೆ, ಖಾಸಗಿ ಕಾಲೇಜಿನ ಸ್ವಂತ ದುಡ್ಡನ್ನಲ್ಲ. ಆ ಅರ್ಥದಲ್ಲಿ ಖಾಸಗಿ ನೆರವು ಸ್ವಲ್ಪ ಭದ್ರ. ಅಲ್ಲಿಗೂ ಕಣ್ಣು ಬಿದ್ದಿದೆ ಅನ್ನಿ. 2025ರ ಜುಲೈನಲ್ಲಿ ಕೇಂದ್ರದ ಶಿಕ್ಷಣ ಇಲಾಖೆ, ಡಾಕಾ ಮತ್ತು ದಾಖಲೆ ಇಲ್ಲದ ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ಸ್ಕಾಲರ್‌ಶಿಪ್‌ಗಳ ಬಗ್ಗೆ ಐದು ಯೂನಿವರ್ಸಿಟಿಗಳ ಮೇಲೆ ತನಿಖೆ ಶುರುಮಾಡಿತು. 'ಇವರಿಗೆ ಮಾತ್ರ' ಅಂತ ಬರೆದ ಸ್ಕಾಲರ್‌ಶಿಪ್‌ಗಿಂತ, ಎಲ್ಲರಿಗೂ ಇದ್ದು ಇವರನ್ನೂ ಬಿಡದ ಸ್ಕಾಲರ್‌ಶಿಪ್ ಈಗ ಜಾಸ್ತಿ ನಂಬಿಕೆಗೆ ಯೋಗ್ಯ.

ಟೆಕ್ಸಾಸ್ ಆದೇಶ ಬಂದಾಗ ಹೊಸ ಸೆಮಿಸ್ಟರಿಗೆ ಎರಡು ಮೂರು ತಿಂಗಳಷ್ಟೇ ಬಾಕಿ ಇತ್ತು. ಅರ್ಧ ಡಿಗ್ರಿ ಮುಗಿಸಿದವರಿಗೂ ರಿಯಾಯಿತಿ ಮುಂದುವರಿಯಲಿಲ್ಲ. ಹಾಗಾಗಿ ಸೇರುವ ಮೊದಲು ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ, ಮಧ್ಯದಲ್ಲಿ ರಾಜ್ಯದ ಕಾನೂನು ಬಿದ್ದರೆ ಉಳಿದ ವರ್ಷಗಳ ಫೀಸು ಯಾರು ಕಟ್ಟುತ್ತಾರೆ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು. ಹೈಸ್ಕೂಲಿನ ಮೂರೂ ವರ್ಷದ ಅಂಕಪಟ್ಟಿ, ಹಾಜರಿಯ ದಾಖಲೆಗಳ ಪ್ರತಿಗಳನ್ನು ಈಗಲೇ ತೆಗೆದಿಟ್ಟುಕೊಳ್ಳಬೇಕು. ಎಬಿ 540 ಥರದ ಕಾನೂನುಗಳು ಕೇಳುವ ಮುಖ್ಯ ಕಾಗದ ಅದೇ, ಮತ್ತು ಈ ಮಕ್ಕಳ ಹತ್ತಿರ ಅದು ಇದ್ದೇ ಇರುತ್ತದೆ.